ಹೆಣಿಗೆಗೆ ಒಗ್ಗುವ ಕೈನೂಲು

ಮಳೆ ಹೆಚ್ಚಿರುವ ದೇಲಂಪಾಡಿಯಂಥ ಗಡಿನಾಡಿನ ಊರುಗಳು ಕುರಿ ಸಾಕಣೆಯ ಸೀಮೆಯಲ್ಲದ ಕಾರಣ, ಅಲ್ಲಿನ ಹೆಣಿಗೆಯ ಆಸಕ್ತರು ಉಣ್ಣೆ ನೂಲಲು ಕಲಿಯಬೇಕೆಂದರೆ ಘಟ್ಟದಾಚೆಯ ಬಯಲುಸೀಮೆಯತ್ತ, ಮುಖ್ಯವಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕುರುಬರ ಕಸುಬಿನತ್ತ ನೋಡಬೇಕಾಗುತ್ತದೆ. ಅಲ್ಲಿ ದಖ್ಖನಿ ಕುರಿಯ ಉಣ್ಣೆಯನ್ನು ಕತ್ತರಿಸಿ, ಕಸಕಡ್ಡಿ ತೆಗೆದು, ಹಿಂಜಿ, ಅಂದರೆ ಗಂಟುಗಟ್ಟಿದ ಕೂದಲನ್ನು ಬಿಡಿಸಿ ಹಗುರಗೊಳಿಸಿ, ಕಂಬಳಿಗಾಗಿ ನೂಲುವ ಕೆಲಸ ಬಹುಮಟ್ಟಿಗೆ ಹೆಂಗಸರದು.

ಕಂಬಳಿಯ ಹಾಸು, ಎಂದರೆ ಉದ್ದನೆಯ ನೂಲು, ಮಗ್ಗದ ಎಳೆತವನ್ನು ತಾಳಬೇಕಾದುದರಿಂದ ಅದಕ್ಕೆ ಬಿಗಿಯಾದ ಹುರಿಯೂ ಹುಣಸೆ ಬೀಜದ ಗಂಜಿಯೂ ಸಲ್ಲುತ್ತವೆ. ಹೆಣಿಗೆಯ ನೂಲಿಗಾದರೋ ಸಡಿಲ ಹುರಿ ಬೇಕು, ಮೇಲಾಗಿ ಒಂಟಿ ಎಳೆಯಲ್ಲಿ ಹೆಣೆದದ್ದು ಓರೆಯಾಗಿ ವಾಲುವ ಸಂಭವವಿರುವುದರಿಂದ, ಒಂದೇ ದಿಕ್ಕಿಗೆ ನೂತ ಎರಡು ಎಳೆಗಳನ್ನು ಜೋಡಿಸಿ ಎದುರು ದಿಕ್ಕಿಗೆ ಹೊಸೆಯುವುದು ಒಳ್ಳೆಯದು. ಹೀಗೆ ಹೊಸೆದ ನೂಲನ್ನು ಸಡಿಲವಾಗಿ ಇಳಿಬಿಟ್ಟಾಗ ಅದು ತನ್ನಷ್ಟಕ್ಕೆ ಸುತ್ತಿಕೊಳ್ಳದೆ ನಿಂತರೆ ಹುರಿ ಹದವಾಗಿದೆಯೆಂದು ಅರ್ಥ.

ಮೊದಲ ಕಲಿಕೆಗೆ ರಾಟೆ ಬೇಕಿಲ್ಲ, ತಕಲಿಯೇ ಲೇಸು. ಅದು ನಿಧಾನವಾದುದರಿಂದ ಎಳೆ ಸಣ್ಣಗಾಗುವುದೂ ದಪ್ಪಗಾಗುವುದೂ ಬೆರಳಿಗೆ ಕೂಡಲೇ ತಿಳಿಯುತ್ತದೆ. ದಖ್ಖನಿ ಉಣ್ಣೆ ಒರಟು, ಕುತ್ತಿಗೆಗೆ ಚುಚ್ಚುತ್ತದೆ; ಆದ್ದರಿಂದ ಅದರಲ್ಲಿ ಸ್ವೆಟರಿಗಿಂತ ಚೀಲವನ್ನೋ ಆಸನದ ಹೊದಿಕೆಯನ್ನೋ ಹೆಣೆಯುವುದು ಜಾಣತನ.