ಕೆಮ್ಮು ಶುರುವಾದದ್ದು ಎಷ್ಟು ಗಂಟೆಗೆ?

ಎರಡು ಮಳೆಗಾಲದ ಹಿಂದಿನ ಮಾತು. ಅಟ್ಟದ ಬೈಹುಲ್ಲು ಒಂದು ಮೂಲೆಯಲ್ಲಿ ಸೋರಿದ ನೀರಿಗೆ ನೆನೆದು ಬೂಸ್ಟು ಹಿಡಿದಿತ್ತು. ಬೆಳಗ್ಗೆ ಎಂಟಕ್ಕೆ ಹತ್ತಿ, ಕೆಟ್ಟದ್ದನ್ನೆಲ್ಲ ಎಳೆದು ಕೆಳಗೆ ಹಾಕಿದೆ. ಬೂದಿಯಂಥ ಹುಡಿ ಹೊಗೆಯ ಹಾಗೆ ಏಳುತ್ತಿತ್ತು. ಮೂಗಿಗೆ ಬೈರಾಸು ಕಟ್ಟಿಕೊಂಡಿದ್ದೆ. ಆಗ ಒಂದೆರಡು ಸೀನು, ಅಷ್ಟೆ. ಮಧ್ಯಾಹ್ನ ಊಟವೂ ಸೇರಿತು. ಮೂರು ಗಂಟೆ ಹೊತ್ತಿಗೆ ಚಳಿ, ಮೈಕೈ ನೋವು, ಒಣಕೆಮ್ಮು. ರಾತ್ರಿ ಜ್ವರ, ಅಂಗಳದಿಂದ ಜಗಲಿಗೆ ಹತ್ತುವಾಗ ಏದುಸಿರು. ಶೀತಜ್ವರ ಅಂತ ಕಷಾಯ ಕುಡಿದು ಮಲಗಿದೆ. ಎರಡು ದಿನಕ್ಕೆ ಇಳಿಯಿತು. ಹದಿನೈದು ದಿನ ಬಿಟ್ಟು ಉಳಿದ ಹುಲ್ಲಿಗೆ ಕೈ ಹಾಕಿದರೆ ಮತ್ತೆ ಅದೇ ಕಥೆ, ಅದೇ ಹೊತ್ತಿಗೆ.

ಎರಡು ಸಲವೂ ಸಿಕ್ಕಿದ್ದು ಆಂಟಿಬಯೋಟಿಕ್. ವೈದ್ಯರನ್ನು ದೂರುವುದು ಹೇಗೆ? ನಾನು ಹೇಳಿದ್ದು ಜ್ವರ, ಕೆಮ್ಮು ಅಂತ ಮಾತ್ರ. ಹುಲ್ಲಿನ ಸುದ್ದಿ ಎತ್ತಿರಲಿಲ್ಲ. ಮೂರನೇ ಸಲ ಶ್ವಾಸಕೋಶದ ತಜ್ಞರಲ್ಲಿಗೆ ಹೋದೆ. ಅವರು ಮೊದಲು ಕೇಳಿದ್ದು, "ನಿಮ್ಮ ಕೆಲಸ ಏನು?" ಆಮೇಲೆ, "ಧೂಳು ಕುಡಿದದ್ದು ಎಷ್ಟು ಗಂಟೆಗೆ, ಕೆಮ್ಮು ಶುರುವಾದದ್ದು ಎಷ್ಟು ಗಂಟೆಗೆ?"

ನಿನ್ನ ಕಸುಬು ಯಾವುದು ಅಂತ ರೋಗಿಯನ್ನು ಕೇಳಲೇಬೇಕು ಎಂದು ಇಟಲಿಯ ವೈದ್ಯ ರಾಮಝೀನಿ 1700ರಲ್ಲೇ ಬರೆದಿದ್ದಾರಂತೆ. ಕೇಳದಿದ್ದರೆ ನಾವಾಗಿಯೇ ಹೇಳಬೇಕು.

ಗಂಟೆಯ ಲೆಕ್ಕ ಯಾಕೆ?

ನಮ್ಮಲ್ಲಿಗೆ ಅಡಿಕೆ ಸುಲಿಯಲು ಬರುವ ಒಬ್ಬಾಕೆಗೆ ಕೂತ ಹತ್ತು ನಿಮಿಷಕ್ಕೆ ಸೀನು, ಮೂಗಿನಲ್ಲಿ ನೀರು, ಎದೆ ಬಿಗಿತ. ಉಸಿರು ಬಿಡುವಾಗ ಸುಂಯ್ ಅನ್ನುತ್ತದೆ. ಇದು ಅಸ್ತಮಾದ ದಾರಿ. ಶ್ವಾಸನಾಳಗಳು ಊದಿ ಬಿಗಿಯುತ್ತವೆ. ಸಾಮಾನ್ಯವಾಗಿ ಧೂಳು ತಾಗಿದ ನಿಮಿಷಗಳಲ್ಲೇ ಗೊತ್ತಾಗುತ್ತದೆ. ಕೆಲವರಿಗೆ ಸಂಜೆ, ನಸುಕಿನಲ್ಲಿ ಮರುಕಳಿಸುವುದೂ ಉಂಟು. ಆದರೆ ಚಳಿಜ್ವರ ಇದರ ಲಕ್ಷಣವಲ್ಲ.

ನನ್ನದು ಬೇರೆ. ಧೂಳು ಕುಡಿದ ನಾಲ್ಕರಿಂದ ಎಂಟು ಗಂಟೆಯ ಮೇಲೆ ಚಳಿ, ಜ್ವರ, ಕೆಮ್ಮು, ಏದುಸಿರು. ಸುಂಯ್ ಶಬ್ದ ಸಾಮಾನ್ಯವಾಗಿ ಇಲ್ಲ. ಇಲ್ಲಿ ಅಲರ್ಜಿ ಇರುವುದು ನಾಳದಲ್ಲಲ್ಲ, ಅದರ ತುದಿಯ ಸಣ್ಣ ಗಾಳಿಗೂಡುಗಳಲ್ಲಿ. ಇಂಗ್ಲೆಂಡಿನ ಕ್ಯಾಂಪ್‌ಬೆಲ್ ಎಂಬ ವೈದ್ಯರು 1932ರಲ್ಲಿ ಹುಲ್ಲಿನ ಕೆಲಸದ ರೈತರಲ್ಲಿ ಇದನ್ನು ಕಂಡು ಬರೆದರು. ಹೆಸರೇ 'ಫಾರ್ಮರ್ಸ್ ಲಂಗ್', ರೈತನ ಶ್ವಾಸಕೋಶ! ನಮ್ಮ ಹೆಸರಿನಲ್ಲೊಂದು ಕಾಯಿಲೆ ಇದೆ ಅಂತ ಗೊತ್ತಾದದ್ದು ಆವತ್ತೇ.

ಪಸೆ ಇರುವ ಹುಲ್ಲನ್ನು ಒಟ್ಟಿ, ನಾಲ್ಕು ದಿನ ಬಿಟ್ಟು ಒಳಗೆ ಕೈಯಿಟ್ಟರೆ ಬಿಸಿ ತಾಗುತ್ತದಲ್ಲ? ಆ 40-60 ಡಿಗ್ರಿ ಶಾಖವೇ ಬೇಕಾದ ಆಕ್ಟಿನೋಮೈಸೀಟ್ ಎಂಬ ಸೂಕ್ಷ್ಮಜೀವಿಗಳಿವೆ. ಇವುಗಳ ಬೀಜಕಣ ಹೆಚ್ಚುಕಡಿಮೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬೈರಾಸಿನ ನೇಯ್ಗೆ ಇದಕ್ಕೆ ಹೆಬ್ಬಾಗಿಲು.

ಒಂದೇ ಸಲ ವಿಪರೀತ ಧೂಳು ಕುಡಿದರೆ ಅಲರ್ಜಿ ಇಲ್ಲದವರಿಗೂ ಇಂಥ ಜ್ವರ ಬರಬಹುದು. ಸ್ವಲ್ಪ ಧೂಳಿಗೂ ಮತ್ತೆ ಮತ್ತೆ ಬಂದರೆ ಅನುಮಾನ ಗಟ್ಟಿ. ಹೆದರಬೇಕಾದದ್ದು ಇನ್ನೊಂದಕ್ಕೆ: ದಿನಾ ಸ್ವಲ್ಪ ಸ್ವಲ್ಪ ಧೂಳು ಕುಡಿಯುವವರಿಗೆ ಜ್ವರವೇ ಬಾರದೆ, ವರ್ಷಗಟ್ಟಲೆ ಏದುಸಿರು ಏರುತ್ತ, ತೂಕ ಇಳಿಯುತ್ತ ಶ್ವಾಸಕೋಶ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ.

ಪರೀಕ್ಷೆ

ಕೆಮ್ಮು ಎರಡು ವಾರ ದಾಟಿದರೆ ಮೊದಲು ಕಫ ಪರೀಕ್ಷೆ, ಕ್ಷಯ ಅಲ್ಲ ಅಂತ ಗೊತ್ತಾಗಬೇಕು. ಸರಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಆಮೇಲೆ ಸ್ಪೈರೋಮೆಟ್ರಿ, ಅಂದರೆ ಯಂತ್ರದ ಕೊಳವೆಗೆ ದಮ್ಮು ಕಟ್ಟಿ ಊದುವುದು. ಔಷಧಿ ಎಳೆಸಿ ಹದಿನೈದು-ಇಪ್ಪತ್ತು ನಿಮಿಷದ ಮೇಲೆ ಪುನಃ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ ನೂರಕ್ಕೆ 12ರಷ್ಟು, ಜತೆಗೆ 200 ಮಿಲಿಲೀಟರಿನಷ್ಟು ಹೆಚ್ಚಿದರೆ ಅಸ್ತಮಾಕ್ಕೆ ಬಲವಾದ ಸಾಕ್ಷಿ. ಆಕೆಯದು ಹೆಚ್ಚಿತು. ನನ್ನದು ಕದಲಲಿಲ್ಲ, ಹಿಡಿಯುವ ಗಾಳಿಯೇ ಕಮ್ಮಿಯಾಗಿತ್ತು. ನನ್ನ ಎಕ್ಸ್‌ರೇ ಚೊಕ್ಕ ಇತ್ತು, ಸಿ.ಟಿ. ಸ್ಕ್ಯಾನಿನಲ್ಲಿ ಮಾತ್ರ ಮಂಜು ಮುಸುಕಿದ ಹಾಗೆ ಕಂಡಿತು. ಚರ್ಮಕ್ಕೆ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆ ಸೀನು, ಅಸ್ತಮಾದವರಿಗೆ ಉಪಯೋಗ, ರೈತನ ಶ್ವಾಸಕೋಶಕ್ಕೆ ಅಲ್ಲ.

ಮದ್ದು

ಆಕೆಗೆ ಇನ್‌ಹೇಲರ್ ಬರೆದರು. "ಪಂಪು ಹಿಡಿದರೆ ಬಿಡಲಿಕ್ಕಾಗುವುದಿಲ್ಲವಂತೆ, ಮಾತ್ರೆಯೇ ಸಾಕು ಅಣ್ಣಾ" ಅಂತ ಆಕೆ. ಲೆಕ್ಕ ಹೇಳಿದೆ: ಸಾಲ್‌ಬ್ಯುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ, ಪಂಪಿನ ಒಂದು ಒತ್ತಿಗೆ 0.1 ಮಿಲಿಗ್ರಾಂ. ನಲವತ್ತನೇ ಒಂದು ಪಾಲು, ಅದೂ ಬೇಕಾದ ಜಾಗಕ್ಕೇ. ಆದರೆ ತಕ್ಷಣ ಬಿಡಿಸುವ ಆ ಪಂಪನ್ನು ಮಾತ್ರ ಒತ್ತುತ್ತ ಕೂರುವುದು ಅಪಾಯ. ಒಳಗಿನ ಊತ ಇಳಿಸುವುದು ಸ್ಟೀರಾಯ್ಡ್ ಇರುವ ಪಂಪು. ಸುಲಿಯುವ ದಿನ ಮಾತ್ರವಲ್ಲ, ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ಬೇಕು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಮಾತು ಪೂರ್ತಿ ಮಾಡಲಿಕ್ಕಾಗದಷ್ಟು ದಮ್ಮು, ತುಟಿ ನೀಲಿ ಆದರೆ ಪಂಪು ಒತ್ತುತ್ತಲೇ ಆಸ್ಪತ್ರೆಗೆ ಓಡಬೇಕು.

ನನಗೆ ಕೆಲವು ವಾರ ಪ್ರೆಡ್ನಿಸೋಲೋನ್ ಮಾತ್ರೆ ಕೊಟ್ಟು, ಪ್ರಮಾಣ ಇಳಿಸುತ್ತ ನಿಲ್ಲಿಸಿದರು. ಇದನ್ನು ಮೆಡಿಕಲ್ಲಿನಿಂದ ತಾವೇ ತಂದು ನುಂಗಬಾರದು. "ಮಾತ್ರೆ ಅರ್ಧ ಮದ್ದೂ ಅಲ್ಲ. ಧೂಳು ಬಿಡಿ, ಬಿಡಲಾಗದಿದ್ದರೆ ದನ ಬಿಡಿ" ಅಂದರು ವೈದ್ಯರು. ಕರೆಯುವ ನಾಲ್ಕು ದನ ಇರುವವನಿಗೆ ಈ ಮಾತು ಎದೆಗೆ ನಾಟಿತು.

ಮನೆಯಲ್ಲಿ ಮಾಡಿದ್ದು

ಅಟ್ಟದ ಮಾಡು ರಿಪೇರಿಯಾಯಿತು. ಹುಲ್ಲನ್ನು ಇನ್ನೆರಡು ಬಿಸಿಲು ಹೆಚ್ಚು ಒಣಗಿಸಿಯೇ ಏರಿಸುವುದು. ಬೂಸ್ಟು ಬಂದದ್ದು ಕಂಡರೆ ನೀರು ಚಿಮುಕಿಸಿ ಒದ್ದೆ ಮಾಡಿ ಎಳೆಯುವುದು, ನೇರ ಗೊಬ್ಬರದ ಗುಂಡಿಗೆ. ಆ ಕೆಲಸ ಈಗ ಮಗನದು, ಅವನಿಗೂ ಎನ್-95 ಮಾಸ್ಕ್ ಕಡ್ಡಾಯ. ಗಡ್ಡ ಇದ್ದರೆ ಅಂಚಿನಲ್ಲಿ ಗಾಳಿ ನುಗ್ಗುತ್ತದೆ. ಗಡ್ಡ ಬೋಳಿಸಲಿಕ್ಕೆ ಅವನು ಒಪ್ಪಬೇಕಾದರೆ ಒಂದು ವಾರ ಹಿಡಿಯಿತು. ಅಡಿಕೆ ಸುಲಿಯುವುದು ಕೋಣೆಯೊಳಗಿನಿಂದ ಜಗಲಿಗೆ ಬಂತು. ಸುಲಿಯುವವರ ಬೆನ್ನ ಹಿಂದಿನಿಂದ ಫ್ಯಾನ್, ಧೂಳು ಅಂಗಳಕ್ಕೆ. ಬೂಸ್ಟು ಹಿಡಿದ ಗೋಟನ್ನು ಆಕೆಗೆ ಕೊಡುವುದಿಲ್ಲ. ಹೆಕ್ಕುವ ಕೆಲಸ ಕೊಡುತ್ತೇವೆ, ಸಂಬಳ ಅದೇ.

ಆರು ತಿಂಗಳ ಮೇಲೆ ಪುನಃ ಊದಿದೆ. ಗಾಳಿ ಮೊದಲಿನಷ್ಟಲ್ಲದಿದ್ದರೂ ಹೆಚ್ಚುಕಡಿಮೆ ಸರಿ ಇತ್ತು. ದನಗಳು ಹಟ್ಟಿಯಲ್ಲೇ ಇವೆ. ಹಟ್ಟಿಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ. ಆ ದಿನದ ಕೆಲಸ, ಶುರುಮಾಡಿದ ಗಂಟೆ, ಕೆಮ್ಮು ಬಂದರೆ ಬಂದ ಗಂಟೆ ಅದರಲ್ಲಿ ಬರೆಯುತ್ತೇನೆ. ವೈದ್ಯರಲ್ಲಿಗೆ ಹೋಗುವಾಗ ಆ ಹಾಳೆಯನ್ನೇ ಹರಿದು ಕೊಂಡೊಯ್ಯುವುದು.