ಸಣ್ಣ ಕಂಪನಿ, ದೊಡ್ಡ ಪಂಕ್ತಿ



ಇಂಗ್ಲಿಷ್ ಬಿ.ಎ. ಮಾಡಿ ಮೂವತ್ತು ವರ್ಷ ಅಡುಗೆಮನೆ ನೋಡಿಕೊಂಡವಳು ಎಂಜಿನಿಯರಿಂಗ್ ಓದಿದ ನಿಮಗೆ ಕಾರ್ಖಾನೆಯ ವಿಷಯ ಹೇಳಹೊರಟಿದ್ದಾಳೆಂದು ನಗಬೇಡಿ. ನನ್ನ ಮಟ್ಟಿಗೆ ಈ ವಿಷಯ ಶುರುವಾಗುವುದೇ ಅಡುಗೆಮನೆಯಿಂದ.

ಪುಣೆಯ ಈಗಿನ ಫ್ಲ್ಯಾಟಿಗೆ ಬಂದಾಗ ನಾವು ಹೊಸ ಫ್ರಿಜ್ ಕೊಂಡೆವು. ಅದಕ್ಕೆಂದೇ ಬಿಟ್ಟ ಮೂಲೆಯಲ್ಲಿ ಸರಿಯಾಗಿ ಕೂತಿತು. ಬಾಗಿಲು ತೆರೆಯಹೋದರೆ ಅರ್ಧಕ್ಕೇ ಗೋಡೆಗೆ ತಾಗಿತು! ಅಗಲ, ಎತ್ತರ ಎಲ್ಲ ಅಳೆದಿದ್ದೆವು. ಬಾಗಿಲು ತಿರುಗುವ ಜಾಗ ಅಳೆದಿರಲಿಲ್ಲ. ಕೊನೆಗೆ ಫ್ರಿಜ್ ಹಾಲ್‌ಗೆ ಬಂತು. ಇಂದಿಗೂ ಅಲ್ಲೇ ಇದೆ.

ಈ ಕಥೆ ಕೇಳಿ ನನ್ನ ತಂಗಿಯ ಮಗ ನಕ್ಕ. "ದೊಡ್ಡಮ್ಮ, ಕಾರ್ಖಾನೆಗಳಲ್ಲೂ ಇದೇ ಗೋಳು. ಅದಕ್ಕೇ ನಾವು ಯಂತ್ರಗಳನ್ನೆಲ್ಲ ಮೊದಲು ಕಂಪ್ಯೂಟರಿನೊಳಗೆ ಜೋಡಿಸಿ, ಓಡಿಸಿ ನೋಡುತ್ತೇವೆ" ಎಂದ. ಅವನು ಭೋಸರಿಯಲ್ಲಿ ಹದಿನೈದು ಜನರ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಆದರೆ ಮುಖದಲ್ಲಿ ಗೆಲುವಿರಲಿಲ್ಲ. "ಇಷ್ಟು ಸಣ್ಣ ಕಡೆ ಇದ್ದರೆ ಏನು ಸಾಧಿಸಿದ ಹಾಗಾಯಿತು? ಸಂಶೋಧನೆ ಎಲ್ಲ ದೊಡ್ಡವರ ಕೆಲಸ. ಬೇರೆ ಕಡೆ ಅರ್ಜಿ ಹಾಕಿದ್ದೇನೆ" ಎಂದ.

ಅವನ ಮಾತು ನನ್ನನ್ನು ಬಿಡಲಿಲ್ಲ. ಕೂತು ಓದಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಪಕ್ಕದಲ್ಲಿ ಎಸ್ಪೂ ಎಂಬ ಊರಿದೆ. ಅಲ್ಲಿನ ವಿಷುಯಲ್ ಕಾಂಪೊನೆಂಟ್ಸ್ ಎಂಬ ಕಂಪನಿ 1999ರಲ್ಲಿ ಹುಟ್ಟಿತು. ಅದರ ವಿದ್ಯೆ ಒಂದೇ. ರೋಬಾಟ್, ಕನ್ವೇಯರ್, ಕೆಲಸದ ಮೇಜು ಇವುಗಳ ಮಾದರಿಗಳನ್ನು ಪರದೆಯ ಮೇಲೆ ಜೋಡಿಸಿ, ಇಡೀ ಕಾರ್ಖಾನೆ ಹೇಗೆ ನಡೆದೀತೆಂದು ಮೊದಲೇ ತೋರಿಸುವುದು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಫ್ರಿಜ್ಜಿನ ಬಾಗಿಲು ಗೋಡೆಗೆ ತಾಗುತ್ತದೆಂದು ಕೊಳ್ಳುವ ಮೊದಲೇ ಹೇಳುವ ವಿದ್ಯೆ.

ಅದೇ ಕಾಲಕ್ಕೆ ಯೂರೋಪಿನಲ್ಲಿ ಒಂದು ಚಿಂತೆ ಇತ್ತು. ರೋಬಾಟ್‌ಗಳು ಬೆಳೆದದ್ದು ಕಾರು ಕಾರ್ಖಾನೆಗಳ ಅಗತ್ಯಕ್ಕೆ ತಕ್ಕಂತೆ. ಅಲ್ಲಿ ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡಬೇಕು. ಸಣ್ಣ ವರ್ಕ್‌ಷಾಪಿನಲ್ಲಿ ಹಾಗಲ್ಲ. ಇವತ್ತು ಐವತ್ತು ತುಂಡು, ನಾಳೆ ಬೇರೆ ಆರ್ಡರು. ಪ್ರತಿ ಸಲ ರೋಬಾಟಿಗೆ ಹೊಸದಾಗಿ ಕಲಿಸುವ ಖರ್ಚು ಅವರಿಗೆ ಪೂರೈಸುವುದಿಲ್ಲ. ಹೀಗೇ ಬಿಟ್ಟರೆ ಕೆಲಸವೆಲ್ಲ ಕಡಿಮೆ ಕೂಲಿಯ ದೇಶಗಳಿಗೆ ಹೋದೀತೆಂಬ ಭಯ ಅವರದು. ಕಡಿಮೆ ಕೂಲಿಯ ದೇಶ ಎಂದರೆ ಅದರಲ್ಲಿ ನಾವೂ ಬಂದೆವಲ್ಲ! ಅದನ್ನು ಓದುವಾಗ ನನಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ.

ಇದಕ್ಕೆ ಉತ್ತರ ಹುಡುಕಲು 2005ರಲ್ಲಿ ಎಸ್‌ಎಂಇ-ರೋಬಾಟ್ ಎಂಬ ಯೋಜನೆ ಶುರುವಾಯಿತು. ಹಣ ಐರೋಪ್ಯ ಒಕ್ಕೂಟದ ಆರನೆಯ ಚೌಕಟ್ಟು ಕಾರ್ಯಕ್ರಮದ್ದು. ಗುರಿಗಳು ಮೂರು: ಮನುಷ್ಯರಿಗೆ ಹೇಳಿಕೊಟ್ಟಂತೆ ಹೇಳಿಕೊಟ್ಟರೆ ಅರ್ಥಮಾಡಿಕೊಳ್ಳುವ ರೋಬಾಟ್, ಕೆಲಸಗಾರರ ಪಕ್ಕದಲ್ಲೇ ಅಪಾಯವಿಲ್ಲದೆ ದುಡಿಯುವ ರೋಬಾಟ್, ಮೂರೇ ದಿನದಲ್ಲಿ ಜೋಡಿಸಿ ಕೆಲಸಕ್ಕೆ ಹಚ್ಚಬಹುದಾದ ವ್ಯವಸ್ಥೆ.

ಪಂಕ್ತಿಯಲ್ಲಿ ಕೂತವರನ್ನು ನೋಡಿ. ಜರ್ಮನಿಯ ಕೂಕಾ, ಇಟಲಿಯ ಕೊಮಾವು, ಜೊತೆಗೆ ಎಬಿಬಿ. ಮಾರುಕಟ್ಟೆಯಲ್ಲಿ ಇವರೆಲ್ಲ ಒಬ್ಬರಿಗೊಬ್ಬರು ಎದುರಾಳಿಗಳು. ಸ್ಟುಟ್‌ಗಾರ್ಟಿನ ಫ್ರೌನ್‌ಹೋಫರ್ ಸಂಸ್ಥೆ, ಸ್ವೀಡನ್ನಿನ ಲುಂಡ್ ಮತ್ತು ಪೋರ್ಚುಗಲ್ಲಿನ ಕೊಯಿಂಬ್ರಾ ವಿಶ್ವವಿದ್ಯಾಲಯಗಳೂ ಇದ್ದವು. ಇವರ ನಡುವೆ, ಆರು ವರ್ಷದ ಕೂಸಾದ ನಮ್ಮ ಎಸ್ಪೂ ಕಂಪನಿಗೂ ಒಂದು ಎಲೆ ಹಾಕಿದ್ದರು! ಮೂರು ದಿನದಲ್ಲಿ ಜೋಡಿಸಬೇಕೆಂದರೆ ಮೊದಲು ಪರದೆಯ ಮೇಲೆ ಜೋಡಿಸಿ ನೋಡಬೇಕಲ್ಲವೇ? ಆ ವಿದ್ಯೆ ಈ ಸಣ್ಣವರಲ್ಲಿತ್ತು.

ಎದುರಾಳಿಗಳು ಒಟ್ಟಿಗೆ ಕೂತರೆ ಗುಟ್ಟು ಸೋರಿಹೋಗದೇ ಎಂದು ನೀವು ಕೇಳಬಹುದು. ನಮ್ಮ ಸಂಘದ ರಾಜ್ಯೋತ್ಸವದ ಊಟ ನೆನಪಿಸಿಕೊಳ್ಳಿ. ಎಲ್ಲರ ಮನೆಯ ಪಾತ್ರೆಗಳೂ ಬರುತ್ತವೆ. ಆದರೆ ಹೆಸರು ಕೊರೆಸಿರುವುದರಿಂದ ಸಂಜೆ ಅವರವರ ಪಾತ್ರೆ ಅವರವರ ಮನೆಗೆ ಸೇರುತ್ತದೆ. ಅಲ್ಲಿಯೂ ಹಾಗೆಯೇ, ಮೊದಲೇ ಕರಾರು ಬರೆಯುತ್ತಾರೆ. ತಂದ ವಿದ್ಯೆ ತಂದವರದು. ಯೋಜನೆಯಲ್ಲಿ ಹುಟ್ಟಿದ ಹೊಸ ಜ್ಞಾನ ಅದನ್ನು ಹುಟ್ಟಿಸಿದವರದು. ಕೆಲಸಕ್ಕೆ ಬೇಕಾದಷ್ಟು ಬಳಸುವ ಹಕ್ಕು ಉಳಿದವರಿಗೂ ಉಂಟು.

ಹಾಗೆಂದು ಇದು ಪುಕ್ಕಟೆ ಊಟವಲ್ಲ. ಆಗಿನ ನಿಯಮದಂತೆ ಕಂಪನಿಗಳಿಗೆ ಸಂಶೋಧನೆಯ ಖರ್ಚಿನಲ್ಲಿ ಹೆಚ್ಚೆಂದರೆ ಅರ್ಧ ಸಿಗುತ್ತಿತ್ತು. ಉಳಿದರ್ಧ ಸ್ವಂತ ಜೇಬಿನದು. ಸಣ್ಣ ಕಂಪನಿಗೆ ಅದು ದೊಡ್ಡ ಧೈರ್ಯವೇ ಸರಿ. ಇಂಥ ಯೋಜನೆಗಳೆಲ್ಲ ಫಲ ಕೊಟ್ಟೇ ಕೊಡುತ್ತವೆಂದೂ ಅಲ್ಲ. ಪ್ರದರ್ಶನಕ್ಕೆ ಒಂದು ಯಂತ್ರ ನಿಲ್ಲಿಸಿ, ವರದಿ ಬೀರು ಸೇರುವುದೂ ಉಂಟು.

ಯೋಜನೆ 2009ರಲ್ಲಿ ಮುಗಿಯಿತು. 2017ರ ಕೊನೆಯಲ್ಲಿ, ಅದೇ ಪಂಕ್ತಿಯಲ್ಲಿ ಕೂತಿದ್ದ ಕೂಕಾ ಈ ಎಸ್ಪೂ ಕಂಪನಿಯನ್ನೇ ಕೊಂಡುಕೊಂಡಿತು. ಆ ಊಟದಿಂದಲೇ ಈ ಸಂಬಂಧ ಕೂಡಿತೆಂದು ನಾನು ಹೇಳುವುದಿಲ್ಲ. ಆದರೆ ಜೊತೆಯಲ್ಲಿ ಕೆಲಸ ಮಾಡಿದವರ ಯೋಗ್ಯತೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನನ್ನ ತಂಗಿಯ ಮಗನಿಗೆ ಇದನ್ನೆಲ್ಲ ಹೇಳಿದೆ. "ಅಲ್ಲಿ ಸರ್ಕಾರ ಹಣ ಕೊಡುತ್ತೆ ದೊಡ್ಡಮ್ಮ" ಎಂದ. ನಿಜವೇ. ಹಣದ ಜೊತೆಗೆ ಅಲ್ಲಿ ಒಂದು ನಿಯಮವೂ ಇದೆ: ಇಂಥ ಜಂಟಿ ಯೋಜನೆಗೆ ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆಗಳು ಕೂಡಬೇಕು. ಕೂಡದಿದ್ದರೆ ಹಣವಿಲ್ಲ. ನಮ್ಮ ಸಂಘಕ್ಕೆ ಅಂಥ ಹಣವೂ ಇಲ್ಲ, ಒತ್ತಾಯವೂ ಇಲ್ಲ. ಆದರೆ ನಮ್ಮ ಸಂಘದಲ್ಲೇ ವರ್ಕ್‌ಷಾಪ್ ನಡೆಸುವವರಿದ್ದಾರೆ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರಿದ್ದಾರೆ, ಸಾಫ್ಟ್‌ವೇರ್ ಬರೆಯುವ ನೀವಿದ್ದೀರಿ. ವರ್ಷಕ್ಕೊಮ್ಮೆ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಹೋಳಿಗೆ ಉಣ್ಣುತ್ತೇವೆ. ನಿಮ್ಮ ವರ್ಕ್‌ಷಾಪಿನಲ್ಲಿ ಏನು ತೊಂದರೆ ಎಂದು ಎಂದಾದರೂ ಪಕ್ಕದ ಎಲೆಯವರನ್ನು ಕೇಳಿದ್ದೇವೆಯೇ?

ಬೇರೆ ಕೆಲಸಕ್ಕೆ ಹೋಗುವುದು ತಪ್ಪೆಂದು ನಾನು ಹೇಳಲಾರೆ. ಸಂಬಳ, ಮನೆಸಾಲ ಎಲ್ಲ ನನಗೂ ಗೊತ್ತು. ಆದರೆ ಸಣ್ಣ ಜಾಗದಲ್ಲಿದ್ದೇನೆಂಬ ಒಂದೇ ಕಾರಣಕ್ಕೆ ನಿಮ್ಮ ವಿದ್ಯೆಯೂ ಸಣ್ಣದೆಂದು ತಿಳಿಯಬೇಡಿ. ಬರುವ ರಾಜ್ಯೋತ್ಸವಕ್ಕೆ ಅವನನ್ನು ಒಬ್ಬ ವರ್ಕ್‌ಷಾಪ್ ಮಾಲೀಕರ ಪಕ್ಕದಲ್ಲಿ ಕೂರಿಸಬೇಕೆಂದಿದ್ದೇನೆ. ನೀವೂ ಬನ್ನಿ.