ಸೈಗಾನಿನ ಬೀದಿ ಕಾಫಿ ನಮ್ಮ ರೊಬಸ್ಟಾ ಬೆಳೆಗಾರರಿಗೆ ಹೇಳುವುದೇನು?

ವಿಯೆಟ್ನಾಂ ದೇಶದ ದಕ್ಷಿಣಕ್ಕಿರುವ ಹೋ ಚಿ ಮಿನ್ ನಗರದ ಹಳೆಯ ಹೆಸರು ಸೈಗಾನ್. 1976ರಲ್ಲಿ ಹೆಸರು ಬದಲಾದರೂ ಜನರ ಬಾಯಲ್ಲಿ ಇಂದಿಗೂ ಅದು ಸೈಗಾನೇ. ಮಂಗಳೂರಿನ ಮೇ ತಿಂಗಳ ಸೆಕೆಯನ್ನು ಬಲ್ಲವರಿಗೆ ಈ ಊರಿನ ಹವೆಯನ್ನು ವಿವರಿಸಬೇಕಾಗಿಲ್ಲ. ಚಳಿಗಾಲವೆಂಬುದು ಇಲ್ಲಿಲ್ಲ. ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆ. ಉಳಿದ ತಿಂಗಳು ಬಿಸಿಲು. ಬೆವರು ಮಾತ್ರ ವರ್ಷವಿಡೀ ತಪ್ಪದು. ಇಂತಹ ಊರಿನಲ್ಲಿ ಜನ ಕಾಫಿಗೆ ಮಂಜುಗಡ್ಡೆ ಹಾಕಿಕೊಂಡು ಕುಡಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಲೋಟದ ಮೇಲೆಯೇ ಫಿಲ್ಟರ್

ಬೆಳಗಾದರೆ ಪಾದಚಾರಿ ದಾರಿಯ ಮೇಲೆ ಮೊಣಕಾಲೆತ್ತರದ ಸ್ಟೂಲುಗಳು ಬಂದು ಕೂರುತ್ತವೆ. ಮುಂದೆ ದ್ವಿಚಕ್ರ ವಾಹನಗಳ ಹೊಳೆಯೇ ಹರಿಯುತ್ತಿರುತ್ತದೆ. ಗಿರಾಕಿಯ ಮುಂದೆ ಒಂದು ಗಾಜಿನ ಲೋಟ, ಅದರ ಮೇಲೆ ಸಣ್ಣ ಲೋಹದ ಫಿಲ್ಟರ್. ಇದಕ್ಕೆ ಅಲ್ಲಿ ‘ಫಿನ್’ ಎನ್ನುತ್ತಾರೆ. ನಮ್ಮ ಹಿತ್ತಾಳೆ ಫಿಲ್ಟರಿನ ತಮ್ಮನಂತಿದೆ ಎನ್ನಬಹುದು. ನಮ್ಮಲ್ಲಿ ಡಿಕಾಕ್ಷನ್ ಇಳಿದ ಮೇಲೆ ಹಾಲು ಬೆರೆಸಿದರೆ, ಅಲ್ಲಿ ಲೋಟದ ತಳದಲ್ಲಿ ಮೊದಲೇ ಹಾಕಿದ ಗಟ್ಟಿ ಸಿಹಿ ಹಾಲಿನ ಮೇಲೆ ಅದು ತೊಟ್ಟಿಕ್ಕುತ್ತದೆ.

ಈ ಡಬ್ಬಿ ಹಾಲಿನ ಅಭ್ಯಾಸಕ್ಕೂ ಹವೆಯೇ ಕಾರಣ. ಅಲ್ಲಿ ಹೈನು ಕಡಿಮೆ. ಸೆಕೆಯಲ್ಲಿ ತಾಜಾ ಹಾಲು ಬೇಗ ಕೆಡುತ್ತದೆ. ಫ್ರೆಂಚರ ಆಳ್ವಿಕೆಯಲ್ಲಿ ಬಂದ ಡಬ್ಬಿ ಹಾಲು ಹೀಗೆ ಕಾಫಿಗೆ ಅಂಟಿಕೊಂಡಿತು. ಕೆಲವು ಹಳೆಯ ಅಂಗಡಿಗಳಲ್ಲಿ ಇನ್ನೂ ಬಟ್ಟೆ ಚೀಲದಲ್ಲಿ ಸೋಸಿದ ಕಾಫಿ ಸಿಗುತ್ತದೆ. 1938ರಲ್ಲಿ ತೆರೆದ ‘ಚೆಯೊ ಲೆಯೊ’ ಅಂತಹ ಒಂದು ಅಂಗಡಿ.

ಈ ಲೋಟದಲ್ಲಿರುವುದು ಹೆಚ್ಚಾಗಿ ರೊಬಸ್ಟಾ. ಅದನ್ನು ಕಪ್ಪಾಗುವವರೆಗೆ ಹುರಿದು, ಅನೇಕ ಕಡೆ ಬೆಣ್ಣೆ, ಸಕ್ಕರೆಯನ್ನೂ ಸೇರಿಸುತ್ತಾರೆ. ಅಗ್ಗದ ಪುಡಿಯಲ್ಲಿ ಜೋಳ, ಸೋಯಾ ಬೆರೆಸುವುದೂ ಉಂಟು. ರೊಬಸ್ಟಾವನ್ನು ಕೀಳೆಂದು ಮೂಗು ಮುರಿಯುವವರು ಗಮನಿಸಬೇಕಾದದ್ದು ಒಂದಿದೆ. ಆ ಕಹಿಯನ್ನೇ ಬಯಸಿ ಕುಡಿಯುವ ದೊಡ್ಡ ನಗರವೊಂದು ಇಲ್ಲಿದೆ.

ಬೆಳೆ ಬರುವುದೆಲ್ಲಿಂದ?

ನಗರದಿಂದ ಉತ್ತರಕ್ಕೆ ಸುಮಾರು 350 ಕಿ.ಮೀ. ದೂರದಲ್ಲಿ ಬುವಾನ್ ಮಾ ಥುವಾಟ್ ಎಂಬ ಪಟ್ಟಣವಿದೆ. ಸುತ್ತಲೂ ಕೆಂಪು ಮಣ್ಣಿನ ಎತ್ತರದ ನೆಲ. ವಿಯೆಟ್ನಾಮಿಗೆ ಕಾಫಿ ಗಿಡವನ್ನು ತಂದವರು 1857ರಲ್ಲಿ ಫ್ರೆಂಚ್ ಪಾದ್ರಿಗಳು. ಆದರೆ ನಿಜವಾದ ಬೆಳವಣಿಗೆ ಕಂಡದ್ದು 1986ರ ಆರ್ಥಿಕ ಸುಧಾರಣೆಯ ನಂತರ. 1990ರಲ್ಲಿ ಒಂದು ಲಕ್ಷ ಟನ್ನನ್ನೂ ಮುಟ್ಟದಿದ್ದ ಉತ್ಪಾದನೆ 2000ದ ಹೊತ್ತಿಗೆ 8 ಲಕ್ಷ ಟನ್ ತಲುಪಿತು. ಇಂದು ಬ್ರೆಜಿಲ್ ಬಿಟ್ಟರೆ ವಿಯೆಟ್ನಾಮೇ ಮುಂದು. ರೊಬಸ್ಟಾದಲ್ಲಂತೂ ಮೊದಲ ಸ್ಥಾನ. ಇದನ್ನು ಸಾಧಿಸಿದವರು ದೊಡ್ಡ ಎಸ್ಟೇಟಿನವರಲ್ಲ, ಬಹುತೇಕ ಎರಡು ಮೂರು ಎಕರೆಯ ಸಣ್ಣ ರೈತರು.

ಅವರ ಸರಾಸರಿ ಇಳುವರಿ ಎಕರೆಗೆ ಒಂದು ಟನ್ನಿಗೂ ಹೆಚ್ಚು. ನಮ್ಮ ರೊಬಸ್ಟಾ ಇಳುವರಿ ಅದರ ಅರ್ಧದಷ್ಟು. ಹಳೆಯ ಗಿಡ ಕಿತ್ತು ಅಥವಾ ಕಸಿ ಕಟ್ಟಿ ಹೊಸ ತಳಿ ತರುವುದು, ಧಾರಾಳ ಗೊಬ್ಬರ, ನೆರಳಿಲ್ಲದ ಬಯಲು ತೋಟ, ಬೇಸಿಗೆಯಲ್ಲಿ ಬುಡಕ್ಕೆ ನೀರು ಇವು ಅವರ ಕ್ರಮ.

ನೀರಿನ ಲೆಕ್ಕ

ಸಂಕಟ ಇರುವುದೂ ಇಲ್ಲಿಯೇ. ಜನವರಿಯಿಂದ ಏಪ್ರಿಲ್‌ವರೆಗೆ ಗಿಡದ ಬುಡದ ಪಾತಿ ತುಂಬುವಂತೆ ಪೈಪಿನಲ್ಲಿ ನೀರು ಬಿಡುತ್ತಾರೆ. ಗಿಡಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚು ನೀರು ಹೀಗೆ ಖರ್ಚಾಗುತ್ತಿದೆ ಎಂದು ಅಧ್ಯಯನಗಳು ತೋರಿಸಿವೆ. ಅಂತರ್ಜಲ ಕುಸಿದು ಬಾವಿಗಳು ಆಳಕ್ಕಿಳಿದಿವೆ. 2016ರಲ್ಲಿ ಮತ್ತು 2024ರಲ್ಲಿ ಈ ಪ್ರದೇಶ ತೀವ್ರ ಬರಗಾಲ ಕಂಡಿತು. ಹಲವು ರೈತರು ಕಾಫಿ ತೆಗೆದು ಡ್ಯೂರಿಯನ್ ಎಂಬ ಮುಳ್ಳು ಹಣ್ಣಿನ ಗಿಡ ನೆಟ್ಟರು. ಜಾಣರಾದವರು ಕಾಫಿಯ ನಡುವೆಯೇ ಕಾಳುಮೆಣಸು, ಹಣ್ಣಿನ ಮರ ಬೆಳೆಸಿ ನೆರಳು ಮಾಡಿಕೊಳ್ಳತೊಡಗಿದ್ದಾರೆ. ನಮ್ಮ ಮಲೆನಾಡಿನ ಅಜ್ಜಂದಿರು ಮಾಡಿಕೊಂಡು ಬಂದದ್ದೂ ಇದೇ ಅಲ್ಲವೇ?

ನಮಗೇನು ಸಂಬಂಧ?

ಭಾರತದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ರೊಬಸ್ಟಾ. ದೇಶದ ಒಟ್ಟು ಕಾಫಿಯ ಹೆಚ್ಚಿನ ಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದು. ಇದರ ಧಾರಣೆ ಲಂಡನ್ ಪೇಟೆಯನ್ನು ನೋಡಿಕೊಂಡಿರುತ್ತದೆ. ಲಂಡನ್ ಪೇಟೆ ವಿಯೆಟ್ನಾಮಿನ ಮಳೆಯನ್ನು ನೋಡಿಕೊಂಡಿರುತ್ತದೆ. ಅವರ ಬೆಳೆ ಉಕ್ಕಿ ಹರಿದ 2001ರಲ್ಲಿ ರೊಬಸ್ಟಾ ಟನ್ನಿಗೆ 500 ಡಾಲರಿಗಿಂತ ಕೆಳಗಿಳಿದು ನಮ್ಮ ಬೆಳೆಗಾರರ ಮನೆಗಳಲ್ಲಿ ಸಾಲ ಬೆಳೆಯಿತು. ಅಲ್ಲಿ ಬರ ಬಂದ 2024ರ ಸೆಪ್ಟೆಂಬರಿನಲ್ಲಿ 5,000 ಡಾಲರ್ ಮೀರಿತು. ಎರಡೂ ಸಲ ನಮ್ಮ ತೋಟದ ಗಿಡ ಅದೇ. ಬದಲಾದದ್ದು ದೂರದ ಊರಿನ ಸ್ಥಿತಿ.

ಒಳ್ಳೆಯ ಧಾರಣೆ ಕಂಡ ವರ್ಷ ಇಳುವರಿಯ ಆಸೆಗೆ ನೆರಳಿನ ಮರ ಕಡಿಯುವ ಯೋಚನೆ ಬರುವುದು ಸಹಜ. ಹಾಗೆ ಯೋಚಿಸುವವರು ಬುವಾನ್ ಮಾ ಥುವಾಟಿನ ಬತ್ತಿದ ಬಾವಿಗಳನ್ನು ನೆನೆಯುವುದು ಒಳ್ಳೆಯದು. ಅವರಿಂದ ಕಲಿಯಬೇಕಾದದ್ದು ಮುದಿ ಗಿಡಕ್ಕೆ ಕಸಿ ಕಟ್ಟುವ, ಹೊಸ ತಳಿ ತರುವ ಶ್ರದ್ಧೆಯನ್ನು. ಹೂ ಮಳೆ ಕೈಕೊಟ್ಟಾಗ ಹೊಳೆಗೆ ಪಂಪ್ ಇಡುವ ಬದಲು ಮಳೆಗಾಲದ ನೀರನ್ನು ತೋಟದ ಕೆರೆಯಲ್ಲಿ ಹಿಡಿದಿಡುವುದು, ಹಣ್ಣಾದುದನ್ನೇ ಕುಯ್ದು ಕಣದಲ್ಲಿ ಚೆನ್ನಾಗಿ ಒಣಗಿಸುವುದು, ಮೆಣಸಿನ ಬಳ್ಳಿಯನ್ನು ಕಾಪಾಡಿಕೊಳ್ಳುವುದು ನಮ್ಮ ಕೈಯಲ್ಲಿರುವ ಕೆಲಸಗಳು. ಧಾರಣೆ ನಮ್ಮ ಕೈಯಲ್ಲಿಲ್ಲ. ಅದು ಬಿದ್ದ ವರ್ಷ ಸಂಸಾರ ನಡೆಸುವುದು ಮರದ ಮೇಲಿನ ಮೆಣಸು ಮತ್ತು ಕೆರೆಯಲ್ಲಿ ಉಳಿದ ನೀರು.